ಒಂದೂವರೆ ದಿಂಬು

ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಅಲ್ಲಿ ಕರಡು ತಿದ್ದಿದವಳು, ಒಂದಕ್ಷರ ತಪ್ಪಿದರೂ ಹಿಡಿದುಬಿಡುವವಳು. ಆದರೆ ಒಮ್ಮೆ ಲಿಫ್ಟು ಎರಡು ಮಹಡಿಗಳ ನಡುವೆ ಅರ್ಧ ನಿಮಿಷ ನಿಂತದ್ದಕ್ಕೆ ಇಡೀ ಕಟ್ಟಡ ಕೇಳುವಂತೆ ಕಿರುಚಿಕೊಂಡಿದ್ದಳು. ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದ ಸಂಪಾದಕರು, "ಏನಮ್ಮಾ, ಒಳಗೆ ಯಾರನ್ನ ಕೊಂದ್ರು?" ಎಂದು ಕೇಳಿದರು. ಅಂದೇ ಆ ಹೆಸರು ಅಂಟಿಕೊಂಡಿತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ, ಇದ್ದದ್ದನ್ನೇ ತಾನೇ ಹೇಳ್ತಿದ್ದಾರೆ ಎಂದುಕೊಂಡಳು.

ಆ ಹೆಸರೇ ಅವಳಿಗೆ ಹೊಸ ಕೆಲಸ ಕೊಡಿಸಿತು. ಸಿನಿಮಾ ಪುಟಕ್ಕೆ ಬರೆಯುತ್ತಿದ್ದ ಹಿರಿಯ ವಿಮರ್ಶಕರಿಗೆ ಎಂಥ ದೆವ್ವದ ಸಿನಿಮಾ ನೋಡಿದರೂ ಆಕಳಿಕೆ ಬರುತ್ತಿತ್ತು. 'ಭಯ ಹುಟ್ಟಿಸುವಲ್ಲಿ ಸೋತ ಚಿತ್ರ' ಎಂದು ಅವರು ಬರೆದದ್ದನ್ನು ನಂಬಿಕೊಂಡು ಹೋದ ಸಂಸಾರಗಳು ಅರ್ಧಕ್ಕೇ ಎದ್ದು ಓಡಿ ಬಂದವು. ಮಕ್ಕಳು ವಾರಗಟ್ಟಲೆ ಹಾಸಿಗೆ ಒದ್ದೆ ಮಾಡ್ತಿವೆ, ನೀವೇ ಬಂದು ಒಗೆದುಕೊಡಿ ಎಂದು ಒಬ್ಬ ತಾಯಿ ಫೋನಿನಲ್ಲಿ ಸಂಪಾದಕರ ಜನ್ಮ ಜಾಲಾಡಿದಳು. ಮರುದಿನ ಸಂಪಾದಕರು ಪುಕ್ಕಲಿಯನ್ನು ಕರೆದು ಕೂರಿಸಿದರು.

"ನೋಡಮ್ಮಾ, ನಮ್ಮ ಓದುಗರಲ್ಲಿ ಹುಲಿ ಸಿಂಹ ಯಾರೂ ಇಲ್ಲ. ಭಾನುವಾರ ಮನೆಯವರನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋಗೋರು. ಅವರಿಗೆ ಕ್ಯಾಮೆರಾ ಎಲ್ಲಿತ್ತು, ಬೆಳಕು ಹೇಗಿತ್ತು ಅಂತೆಲ್ಲ ಬೇಡ. ಎಷ್ಟು ಹೆದರಿಕೆ ಆಗುತ್ತೆ, ಅಷ್ಟು ಹೇಳಿದ್ರೆ ಸಾಕು. ಅದಕ್ಕೆ ನಿಮಗಿಂತ ಒಳ್ಳೇ ಅಳತೆಗೋಲು ನನಗೆ ಸಿಗಲ್ಲ."

ಹಾಗೆ 'ಎಷ್ಟು ಹೆದರಿಕೆ?' ಎಂಬ ಅಂಕಣ ಶುರುವಾಯಿತು. ಮನೆಯ ಟಿವಿಯಲ್ಲಿ ಅಂಥ ಸಿನಿಮಾ ಬಂದರೆ ದಿಂಬನ್ನು ಮುಖಕ್ಕೆ ಒತ್ತಿಕೊಂಡು ನೋಡುವುದು ಅವಳ ಅಭ್ಯಾಸ. ಆದ್ದರಿಂದ ನಕ್ಷತ್ರದ ಬದಲು ದಿಂಬು ಕೊಟ್ಟಳು. ಒಂದು ದಿಂಬೆಂದರೆ ತೊಡೆಯ ಮೇಲಿದ್ದರೆ ಸಾಕು; ಮೂರೆಂದರೆ ಮೂಗಿನ ತನಕ ಬೇಕು; ಐದೆಂದರೆ ಮನೆಯಲ್ಲೇ ಇರಿ, ದಿಂಬು ಮಲಗುವುದಕ್ಕಿರಲಿ. ಓದುಗರು ಅದನ್ನು ಕಣ್ಣಿಗೊತ್ತಿಕೊಂಡರು. ಬಸುರಿಯರು ಫೋನು ಮಾಡಿದರು, ಹೃದಯದ ತೊಂದರೆ ಇದ್ದವರು ಮಾಡಿದರು, ಹೊಸದಾಗಿ ಮದುವೆಯಾದವನೊಬ್ಬ ಮಾಡಿ, "ಮೇಡಂ, ನಾನು ಧೈರ್ಯಸ್ಥ ಅಂತ ಅವಳ ಮುಂದೆ ತೋರಿಸ್ಕೋಬೇಕು, ಎರಡು ದಿಂಬಿನೊಳಗಿನದು ಯಾವುದಿದೆ?" ಎಂದು ಪಿಸುಗುಟ್ಟಿದ.

ಇಷ್ಟೆಲ್ಲ ಸಲೀಸಾಗಿ ನಡೆದದ್ದು ಅವಳ ಅತ್ತೆಯಿಂದ. ಅತ್ತೆಗೆ ಎಪ್ಪತ್ತೆರಡು. ಕಿವಿ ಹೋಗಿ ಎಷ್ಟೋ ವರ್ಷ. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಕಿವಿಗೆ ಹಾಕುವ ಯಂತ್ರ ಕೊಡಿಸಿದರೆ, ಲೋಕದವರೆಲ್ಲ ಇಷ್ಟು ಮಾತಾಡ್ತಾರಾ ಎಂದು ತೆಗೆದು ಡಬ್ಬಿಯಲ್ಲಿಟ್ಟರು. ದೆವ್ವದ ಸಿನಿಮಾಕ್ಕೆ ಅವರಂಥ ಗಟ್ಟಿ ಪ್ರೇಕ್ಷಕರಿಲ್ಲ. "ಆ ಢಂ ಢಂ ಸದ್ದು ಕೇಳಿಸದಿದ್ರೆ ದೆವ್ವದಲ್ಲಿ ಏನಿದೆ ಕಣೇ? ತಲೆ ಬಾಚಿಕೊಳ್ಳದ ಹೆಂಗಸು, ಅಷ್ಟೇ," ಎನ್ನುತ್ತಿದ್ದರು. ಪ್ರತಿ ಶುಕ್ರವಾರ ಬೆಳಗಿನ ಆಟಕ್ಕೆ ಇಬ್ಬರೂ ಬಸ್ಸು ಹತ್ತುತ್ತಿದ್ದರು. ಪುಕ್ಕಲಿ ಕಣ್ಣು ಮುಚ್ಚಿಕೊಂಡಾಗೆಲ್ಲ ಅತ್ತೆ ನೋಡಿ, ಆಮೇಲೆ ಏನಾಯಿತೆಂದು ಹೇಳಬೇಕು. ಅದು ಇಬ್ಬರ ನಡುವಿನ ಒಪ್ಪಂದ, ಸಂಪಾದಕರಿಗೂ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿದರೂ ಆಗದ ಜಾಗ ಅವಳಿಗೊಂದಿತ್ತು. ತೆರೆಯ ಮೇಲೆ ಆಸ್ಪತ್ರೆ ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಮೂರು ವರ್ಷದ ಹಿಂದೆ ಅವಳ ಗಂಡ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದ. ಅವನು ಹೋದ ಹೊತ್ತಿಗೆ ಅವಳು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಪಕ್ಕದಲ್ಲಿದ್ದವರು ಅತ್ತೆ. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ನಲ್ಲಿ ಸೋರುವುದರಿಂದ ಹಿಡಿದು ನೆರೆಮನೆಯವರ ಜಗಳದ ತನಕ ಎಲ್ಲ ಮಾತಾಡುತ್ತಿದ್ದರು. ಅದೊಂದನ್ನು ಬಿಟ್ಟು.

ಆ ಶುಕ್ರವಾರದ ಸಿನಿಮಾ ಅಂಥ ದೊಡ್ಡದೇನಲ್ಲ. ಹೊಸ ಜೋಡಿಯೊಂದು ಬಾಡಿಗೆ ಮನೆಗೆ ಬರುತ್ತದೆ; ಅಲ್ಲಿ ನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ, ಪಾತ್ರೆಗಳು ತಾವಾಗಿ ಜೋಡಿಸಿಕೊಳ್ಳುತ್ತವೆ. ಹೆಂಡತಿಗೆ ದೆವ್ವದಿಂದ ಗಂಡನಿಗಿಂತ ಹೆಚ್ಚು ಸಹಾಯ. ಜನ ನಕ್ಕರು, ಪುಕ್ಕಲಿಯೂ ನಕ್ಕಳು. ಮಧ್ಯಂತರವಾಗಿ ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಉದ್ದದ ಕಾರಿಡಾರೊಂದು ಕಂಡಿತು, ಅದರ ಕೊನೆಯಲ್ಲಿ ತೂಗುಹಾಕಿದ ಗ್ಲೂಕೋಸ್ ಬಾಟಲಿ. ಅವಳು ಅತ್ತೆಯ ಮೊಣಕೈ ಮುಟ್ಟಿ ಎದ್ದಳು. ಹೊರಗೆ ಪಾಪ್‌ಕಾರ್ನ್ ಹುರಿಯುವವನ ಪಕ್ಕದಲ್ಲಿ ನಿಂತು ಮುಂದಿನ ವಾರದ ಪೋಸ್ಟರನ್ನು ಓದಿದ್ದನ್ನೇ ಓದಿದಳು. ಹತ್ತು ಹನ್ನೆರಡು ನಿಮಿಷ ಬಿಟ್ಟು ಒಳಗೆ ಬಂದಾಗ ತೆರೆಯ ಮೇಲೆ ಮತ್ತೆ ಅಡುಗೆಮನೆ.

ಬಸ್ಸಿನಲ್ಲಿ ಬರುವಾಗ ಬಲಗಿವಿಯಲ್ಲಿ ಕೇಳಿದಳು: "ಆ ದೆವ್ವ ಯಾರಂತೆ ಅತ್ತೆ?"

"ಹಳೇ ಬಾಡಿಗೆದಾರ," ಎಂದರು ಅತ್ತೆ ಕಿಟಕಿಯಾಚೆ ನೋಡುತ್ತ. "ಮೆಟ್ಟಿಲಿಂದ ಜಾರಿಬಿದ್ದು ಸತ್ತನಂತೆ. ಅಷ್ಟೇ."

ಅವಳು ಹಾಗೇ ಬರೆದಳು. 'ಮೆಟ್ಟಿಲಿಂದ ಜಾರಿಬಿದ್ದ ಪಾಪದ ದೆವ್ವ. ಒಂದೂವರೆ ದಿಂಬು. ಮನೆಯಲ್ಲಿ ಯಾರಾದರೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಎಬ್ಬಿಸಿಕೊಂಡು ಹೋಗಿ, ಮನಸ್ಸು ಹಗುರಾಗುತ್ತದೆ.'

ಹತ್ತು ದಿನದ ಮೇಲೆ ಒಂದು ಪತ್ರ ಬಂತು. ಬರೆದವನು ಒಬ್ಬ ದರ್ಜಿ. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಗುಂಡಗಿನ ಅಕ್ಷರ.

'ಮೇಡಂ ಅವರಿಗೆ ನಮಸ್ಕಾರ. ನಾನು ಜಗಳಕ್ಕೆ ಬರೆಯುತ್ತಿಲ್ಲ. ನಮ್ಮ ಮನೆಯವಳು ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಏಳು ತಿಂಗಳ ಹಿಂದೆ ಅವಳ ತಮ್ಮ ಆಸ್ಪತ್ರೆಯಲ್ಲಿ ಹೋದ. ಅವನನ್ನು ಸಾಕಿದವಳು ಇವಳೇ. ಅಂದಿನಿಂದ ಕೆಲಸಕ್ಕೂ ರಜೆ ಹಾಕಿ, ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ನಿಮ್ಮ ಬರಹ ಓದಿ ಹೇಳಿ, ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಆ ದೆವ್ವ ನೀವು ಬರೆದಂತೆ ಮೆಟ್ಟಿಲಿಂದ ಬಿದ್ದವನಲ್ಲ. ಆಸ್ಪತ್ರೆಯಲ್ಲಿ ಹೆಂಡತಿ ಔಷಧಿ ತರಲು ಹೋದಾಗ ಅವಳ ಹೆಸರು ಕೂಗಿ ಕೂಗಿ, ಯಾರೂ ಬಾರದೆ, ಒಬ್ಬನೇ ಸತ್ತವನು. ಅದಕ್ಕೇ ದೆವ್ವವಾದವನು. ನನ್ನ ಭಾವಮೈದುನ ಹೋದಾಗಲೂ ಇವಳು ಸ್ನಾನಕ್ಕೆಂದು ಮನೆಗೆ ಬಂದಿದ್ದಳು. ಈಗ ಅವನೂ ಹಾಗೇ ತನ್ನನ್ನು ಕೂಗಿರಬೇಕು ಎಂದು ಹಟ ಹಿಡಿದು ಕೂತಿದ್ದಾಳೆ. ನೀವು ಅದನ್ನು ಯಾಕೆ ಬರೆಯಲಿಲ್ಲ ಎಂದು ತಿಳಿದರೆ ಸಾಕು.'

ಪುಕ್ಕಲಿ ಪತ್ರವನ್ನು ಎರಡು ಸಲ ಓದಿದಳು. ಬೈದಿದ್ದರೆ ಅವಳೂ ಎದೆ ಗಟ್ಟಿ ಮಾಡಿಕೊಂಡು ಏನೋ ಒಂದು ಉತ್ತರ ಬರೆಯುತ್ತಿದ್ದಳು. ಈ ಮನುಷ್ಯ ಬೈದಿರಲಿಲ್ಲ. 'ಔಷಧಿ ತರಲು ಹೋದಾಗ' ಎಂಬ ಸಾಲಿನಲ್ಲಿ ಅವಳ ಕಣ್ಣು ನಿಂತುಹೋಗಿತ್ತು. ಅತ್ತೆ ಯಾಕೆ ಮೆಟ್ಟಿಲೆಂದರು ಎಂಬುದು ನಿಧಾನಕ್ಕೆ ತಲೆಗಿಳಿಯಿತು. ಮಧ್ಯಾಹ್ನ ಮೂರು ಗಂಟೆಗೇ ಚೀಲ ಹೆಗಲಿಗೇರಿಸಿ ಮನೆಗೆ ಹೊರಟಳು.

ಅತ್ತೆ ಬಟ್ಟೆ ಮಡಿಚುತ್ತಿದ್ದರು. ಪಿಸುಮಾತಿನಲ್ಲಿ ಕೇಳಬೇಕಾದದ್ದನ್ನು ಕೂಗಿ ಕೇಳಬೇಕಲ್ಲ ಎಂದು ಅವಳು ಮೊದಲು ಎರಡೂ ಕಿಟಕಿ ಹಾಕಿದಳು, ಆಮೇಲೆ ಬಾಗಿಲು. ಅತ್ತೆ, "ಯಾಕೇ, ಕಳ್ಳರು ಬಂದ್ರಾ?" ಎಂದರು. ಅವಳು ಪತ್ರವನ್ನು ಅವರ ಕೈಗಿತ್ತಳು. ಅವರು ಕನ್ನಡಕ ಏರಿಸಿಕೊಂಡು ಓದಿ, ಮಡಿಚಿ, ಮಡಿಲಲ್ಲಿಟ್ಟುಕೊಂಡರು.

"ಸುಳ್ಳು ಯಾಕೆ ಹೇಳಿದ್ರಿ ಅತ್ತೆ?" ಎಂದು ಅವಳು ಬಲಗಿವಿಯಲ್ಲಿ ಕೂಗಿದಳು.

"ನೀನು ಇನ್ನೆಷ್ಟು ವರ್ಷ ಅದನ್ನೇ ಕಟ್ಟಿಕೊಂಡು ಕೂರ್ತೀಯ ಅಂತ. ಅದರ ಮೇಲೆ ಆ ಸಿನಿಮಾದವರೂ ಉಪ್ಪು ಸವರಬೇಕಾ?" ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆ ನಟನ ಮೂಗು ನಮ್ಮವನ ಮೂಗಿನ ಥರಾನೇ ಇತ್ತು ಕಣೇ. ನೀನು ಎದ್ದು ಹೋಗಿದ್ದು ಒಳ್ಳೇದೇ ಆಯ್ತು ಅನ್ನಿಸ್ತು."

ತಾನು ಹೊರಗೆ ಪೋಸ್ಟರ್ ಓದುತ್ತ ನಿಂತಿದ್ದಾಗ ಈ ಮುದುಕಿ ಕತ್ತಲಲ್ಲಿ ಒಬ್ಬರೇ ಕೂತು ಅದನ್ನು ಪೂರ್ತಿ ನೋಡಿದ್ದಾರೆ ಎಂಬುದು ಪುಕ್ಕಲಿಗೆ ಹೊಳೆದದ್ದು ಆಗಲೇ. ಪಕ್ಕದ ಸೀಟು ಖಾಲಿ. ಕೈ ಹಿಡಿದುಕೊಳ್ಳೋಣವೆಂದರೂ ಯಾರೂ ಇಲ್ಲ. ಅವಳು ಅತ್ತೆಯ ಕಾಲ ಬಳಿ, ಮಡಿಚಿದ ಬಟ್ಟೆಗಳ ನಡುವೆ ಕೂತಳು. ಮೂರು ವರ್ಷದಿಂದ ಕೇಳದೆ ಉಳಿದಿದ್ದ ಮಾತು ಹೊರಗೆ ಬಂತು.

"ಅವರು ನನ್ನ ಕೂಗಿದ್ರಾ ಅತ್ತೆ?"

ಕೇಳಿಸಲಿಲ್ಲ. ಅವಳು ಎದ್ದು ಬಲಗಿವಿಯ ಹತ್ತಿರ ಬಂದು ಮತ್ತೆ ಕೂಗಬೇಕಾಯಿತು. "ಅವರು ನನ್ನ ಕೂಗಿದ್ರಾ?"

ಅತ್ತೆ ಮಡಿಚಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬಲಗೈ ಎತ್ತಿ ಎರಡು ಬೆರಳು ಮೇಲಕ್ಕೆ ತೋರಿಸಿ, ಏನನ್ನೋ ತಿರುಗಿಸುವಂತೆ ಮಾಡಿದರು.

"ಹೀಗೆ ಮಾಡಿದ. ನನಗೆ ಕೇಳಲ್ಲ ಅಂತ ಅವನಿಗೆ ಗೊತ್ತಲ್ಲ. ಫ್ಯಾನು ಕಮ್ಮಿ ಮಾಡು, ಚಳಿ ಅಂತ. ನಾನು ಎದ್ದು ಬಾಗಿಲ ಹತ್ತಿರ ಹೋಗಿ ಕಮ್ಮಿ ಮಾಡಿದೆ. ಆ ಗುಂಡಿ ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಹಿಡೀತು. ತಿರುಗಿ ನೋಡಿದಾಗ ಮುಗಿದಿತ್ತು." ಅವರು ಮಡಿಲಿನ ಪತ್ರವನ್ನು ಸವರಿದರು. "ಬೆನ್ನು ತಿರುಗಿಸಿದ್ದೆ ಕಣೇ. ಪಕ್ಕದಲ್ಲೇ ಇದ್ದೂ ನಾನೂ ಇರಲಿಲ್ಲ. ಅಷ್ಟು ದಿನ ಕೂತವಳು, ಆ ಒಂದು ನಿಮಿಷ... ಅದನ್ನ ನಿನಗೆ ಯಾವ ಬಾಯಲ್ಲಿ ಹೇಳಲಿ?"

ಹೊರಗೆ ಯಾರೋ ಗಾಡಿಯವರು ಹಾರನ್ನು ಒತ್ತಿದರು. ಪುಕ್ಕಲಿ ಅತ್ತೆಯ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ಮೊದಲು ಸೊಸೆ, ಆಮೇಲೆ ಅತ್ತೆ. ಅತ್ತೆಯ ಅಳುವೂ ಅವರ ಮಾತಿನ ಹಾಗೇ ಜೋರು. ಕೆಳಗಿನ ಮನೆಯಾಕೆ ಬಂದು ಬಾಗಿಲು ತಟ್ಟಿ, "ಎಲ್ಲ ಸರಿಯಿದೆಯೇನ್ರೀ?" ಎಂದು ಕೇಳಿದಳು. ಸೊಸೆ ಬಾಗಿಲ ಕಡೆ ಕೈ ತೋರಿಸಿದ್ದು ಕಂಡು, "ಸಿನಿಮಾ ನೆನಪಾಯ್ತು!" ಎಂದು ಅತ್ತೆ ಒಳಗಿಂದಲೇ ಕೂಗಿದರು.

ಮರುದಿನ ಬೆಳಗ್ಗೆ ಪುಕ್ಕಲಿ ಮತ್ತೆ ಅದೇ ಸಿನಿಮಾಕ್ಕೆ ಹೋದಳು. ಬರುವುದು ಬೇಡವೆಂದರೂ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಕಾರಿಡಾರು ಬಂತು, ಬಾಟಲಿ ಬಂತು. ಅವಳ ಕಾಲು ತಾನಾಗಿ ಏಳಲು ನೋಡಿತು. ಅವಳು ಸೀಟಿನ ತೋಳನ್ನು ಬಿಗಿಯಾಗಿ ಹಿಡಿದು ಕೂತಳು. ಹನ್ನೊಂದು ನಿಮಿಷ. ಆ ಮನುಷ್ಯ ಕೂಗಿದ, ಮತ್ತೆ ಕೂಗಿದ, ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯಿತು. ಅವಳ ಮುಖವೆಲ್ಲ ಒದ್ದೆಯಾಯಿತು. ಆದರೆ ಹದಿನೆಂಟು ವರ್ಷ ತಪ್ಪು ಹುಡುಕಿದ ಕಣ್ಣು ಅಲ್ಲೂ ಸುಮ್ಮನಿರಲಿಲ್ಲ. ಸಾಯುವ ಮನುಷ್ಯನಿಗೆ ಅಷ್ಟು ಗಟ್ಟಿ ದನಿ ಎಲ್ಲಿಂದ ಬರಬೇಕು? ಇಪ್ಪತ್ತು ದಿನದಲ್ಲಿ ತನ್ನ ಗಂಡ ನೀರು ಕೇಳಲೂ ಕಣ್ಣಲ್ಲೇ ಕೇಳುತ್ತಿದ್ದ. ಇದನ್ನು ಬರೆದವನು ಅಂಥ ಮಂಚದ ಪಕ್ಕ ಒಂದು ದಿನವೂ ಕೂತವನಲ್ಲ ಎಂದುಕೊಂಡಳು.

ಅಲ್ಲಿಂದ ನೇರ ಸಂಪಾದಕರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಸಾಲು ಹಾಕಿಬಿಡಿ. ಕಣ್ತಪ್ಪಿನಿಂದ ತಪ್ಪು ಮಾಹಿತಿ ಹೋಗಿದೆ, ವಿಷಾದಿಸುತ್ತೇವೆ ಅಂತ."

"ಕಣ್ತಪ್ಪಲ್ಲ ಸಾರ್. ಅಲ್ಲಿ ನನ್ನ ಕಣ್ಣೇ ಇರಲಿಲ್ಲ."

"ಅಯ್ಯೋ, ಅದನ್ನ ಹೇಳಿದ್ರೆ ನಾಳೆಯಿಂದ ನಿಮ್ಮ ದಿಂಬನ್ನ ಯಾರಮ್ಮಾ ನಂಬ್ತಾರೆ?"

"ನಂಬದಿದ್ರೆ ಮತ್ತೆ ಕರಡು ತಿದ್ದೋಕೆ ಹೋಗ್ತೀನಿ. ಅಲ್ಲಿ ನನ್ನ ಕುರ್ಚಿ ಇನ್ನೂ ಹಾಗೇ ಇದೆ."

ಸಂಪಾದಕರು ಅವಳನ್ನೇ ನೋಡಿದರು. ಲಿಫ್ಟಿನಲ್ಲಿ ಕಿರುಚಿಕೊಂಡವಳು ಇವಳೇನಾ ಎಂಬಂತಿತ್ತು ಆ ನೋಟ. "ಮುನ್ನೂರು ಪದ. ಒಂದೂ ಹೆಚ್ಚಿಗೆ ಬೇಡ," ಎಂದರು.

ಶನಿವಾರ ಅಂಕಣದಲ್ಲಿ ಅದು ಬಂತು. 'ಆ ಸಿನಿಮಾದ ಹನ್ನೊಂದು ನಿಮಿಷ ನಾನು ನೋಡಿರಲಿಲ್ಲ. ಆಸ್ಪತ್ರೆ ಕಂಡರೆ ನನಗಾಗುವುದಿಲ್ಲ, ಎದ್ದು ಹೋಗಿದ್ದೆ. ನೋಡದೆ ಬರೆದದ್ದು ನನ್ನ ತಪ್ಪು. ಈಗ ನೋಡಿದ್ದೇನೆ. ಹೆದರಿಕೆ ಒಂದೂವರೆ ದಿಂಬೇ. ಆದರೆ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಹೋಗಬೇಡಿ. ಹೋಗಿ ನೋಡಿ ಬಂದಿದ್ದರೆ ಒಂದು ಮಾತು: ಅಲ್ಲಿ ತೋರಿಸಿದ್ದು ಸುಳ್ಳು. ಹಾಗೆ ಯಾರೂ ಕೂಗುವುದಿಲ್ಲ. ಇನ್ನು ಮುಂದೆ ದಿಂಬಿನ ಕೆಳಗೆ, ಯಾರ ಮನಸ್ಸಿಗೆ ಏನು ನೋವಾಗಬಹುದೆಂದೂ ಒಂದು ಸಾಲು ಬರೆಯುತ್ತೇನೆ.'

ಅಂದು ಬೆಳಗ್ಗೆಯೇ ಅವಳು ದರ್ಜಿಯ ಅಂಗಡಿ ಹುಡುಕಿಕೊಂಡು ಹೋದಳು. ಅತ್ತೆಯೂ ಜೊತೆಗಿದ್ದರು. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ದರ್ಜಿ ಸಣ್ಣಗಿನ ಮನುಷ್ಯ, ಕೊರಳಲ್ಲಿ ಅಳತೆಪಟ್ಟಿ. ಪತ್ರಿಕೆ ಅವನ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಡಿಚಿ ಬಿದ್ದಿತ್ತು. ಅವಳು ಯಾರೆಂದು ಹೇಳಿದ ಕೂಡಲೇ ಅವನು ಗಡಬಡಿಸಿ ಸ್ಟೂಲಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ಕೆಳಗೆ ತಳ್ಳಿದ.

"ನೀವು ಇಷ್ಟೆಲ್ಲ ಬರೀಬೇಕಾಗಿರಲಿಲ್ಲ ಮೇಡಂ. ನಾನೇನೋ ತಲೆಕೆಟ್ಟು..."

"ನಿಮ್ಮ ಮನೆಯವರು ಓದಿದ್ರಾ?"

"ಓದಿ ಹೇಳಿದೆ. ಅವರಿಗೆ ಹೇಗೆ ಗೊತ್ತು, ಅವರೇನು ಪಕ್ಕದಲ್ಲಿದ್ರಾ ಅಂದಳು."

ಅವಳು ಕೇಳಿದ್ದು ಸರಿಯೇ ಇತ್ತು. ಅಷ್ಟರಲ್ಲಿ ಪರದೆ ಸರಿಯಿತು. ಬಾಚದ ಕೂದಲು, ಒಳಗಿಳಿದ ಕಣ್ಣು. ನಲವತ್ತರ ಆಸುಪಾಸಿನ ಹೆಂಗಸು ಬಂದು ನಿಂತಳು. ಪುಕ್ಕಲಿಯನ್ನು ಮೇಲಿಂದ ಕೆಳಗೆ ನೋಡಿದಳು, ಸಿಟ್ಟಿರಲಿಲ್ಲ, ಸುಸ್ತಿತ್ತು.

"ನಾನು ಪಕ್ಕದಲ್ಲಿರಲಿಲ್ಲ," ಎಂದಳು ಪುಕ್ಕಲಿ. "ನನ್ನ ಗಂಡ ಹೋದಾಗ ನಾನೂ ಔಷಧಿ ತರೋಕೆ ಹೋಗಿದ್ದೆ. ಪಕ್ಕದಲ್ಲಿದ್ದವರು ಇವರು. ನಮ್ಮ ಅತ್ತೆ. ಅವರ ಮಗ."

ಆ ಹೆಂಗಸು ಅತ್ತೆಯ ಕಡೆ ತಿರುಗಿದಳು. ಏನೋ ಕೇಳಿದಳು, ಅತ್ತೆಗೆ ಕೇಳಿಸಲಿಲ್ಲ. "ಬಲಗಿವಿ," ಎಂದಳು ಪುಕ್ಕಲಿ. ಅವಳು ಹತ್ತಿರ ಬಂದು ಬಗ್ಗಿದಳು. ಅತ್ತೆ ಅವಳ ಮುಖವನ್ನೊಂದು ಗಳಿಗೆ ನೋಡಿ, ತಾವೇ ಅವಳ ಕೈ ಹಿಡಿದು, "ಒಳಗೆ ನಡಿ ತಾಯಿ, ಕೂತು ಮಾತಾಡೋಣ," ಎಂದರು. ಪರದೆ ಮುಚ್ಚಿಕೊಂಡಿತು.

ದರ್ಜಿಗೂ ಪುಕ್ಕಲಿಗೂ ಹೊರಗೆ ಕೂತು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಟೀ ತರಿಸಲೇ ಎಂದ. ಅವಳು ಬೇಡವೆಂದಳು. ಅತ್ತೆಯ ದನಿಗೆ ಪರದೆ ಯಾವ ಲೆಕ್ಕ. ಪ್ರತಿ ಮಾತೂ ರಸ್ತೆಗೆ ಕೇಳುತ್ತಿತ್ತು. ಫ್ಯಾನಿನ ಗುಂಡಿ, ಬೆನ್ನು ತಿರುಗಿಸಿದ್ದು, ಎಲ್ಲ. "ಕಾಯ್ತಾ ಕೂತವಳಿಗೇ ಕಾಣಿಸಲಿಲ್ಲ ಕಣಮ್ಮಾ. ಅಷ್ಟು ಮೆತ್ತಗೆ ಹೋದ. ನೀನು ಅಲ್ಲಿದ್ದಿದ್ರೂ ಲೋಟ ತೊಳೆಯೋಕೋ, ಕಿಟಕಿ ಹಾಕೋಕೋ ಎದ್ದಿರ್ತಿದ್ದೆ." ಆಮೇಲೆ ಇನ್ನೊಂದು ದನಿ, ಮೊದಲು ತಡವರಿಸುತ್ತ, ಆಮೇಲೆ ಜೋರಾಗಿ, ಕಿವುಡರೊಂದಿಗೆ ಮಾತಾಡುವಾಗ ಎಲ್ಲರೂ ಕೂಗುವಂತೆ ಕೂಗಿ, ತಮ್ಮನ ಬಗ್ಗೆ ಹೇಳತೊಡಗಿತು. ಅವನಿಗೆ ಚಿಕ್ಕಂದಿನಲ್ಲಿ ಬಂದ ದಡಾರ, ಮೂರು ಸಲ ಬರೆದ ಪರೀಕ್ಷೆ, ಹಾಲಿಗೆ ಸಕ್ಕರೆ ಕಡಿಮೆಯಾದರೆ ಮಾಡುತ್ತಿದ್ದ ರಂಪ.

ದರ್ಜಿ ಕತ್ತರಿ ಹಿಡಿದುಕೊಂಡು ಹಾಗೇ ನಿಂತಿದ್ದ. "ಏಳು ತಿಂಗಳಾಯ್ತು ಮೇಡಂ," ಎಂದ ತಗ್ಗಿದ ದನಿಯಲ್ಲಿ, "ಅವನ ಹೆಸರೆತ್ತಿ ಇಷ್ಟು ಮಾತಾಡಿದ್ದು ಇವತ್ತೇ."

ಅತ್ತೆ ಹೊರಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಬರುವ ಬುಧವಾರ ಮತ್ತೆ ಬರುತ್ತೇನೆಂದು ತಾವೇ ಮಾತು ಕೊಟ್ಟು ಬಂದಿದ್ದರು. ಬಾಗಿಲ ತನಕ ಬಂದ ದರ್ಜಿಯ ಹೆಂಡತಿ ಪುಕ್ಕಲಿಯನ್ನು ಕೇಳಿದಳು:

"ಮುಂದಿನ ವಾರ ಯಾವುದು ಬರ್ತಿದೆ?"

"ಬಾವಿಯ ದೆವ್ವದ್ದೊಂದು ಬರ್ತಿದೆ. ನಾನು ನೋಡಿ ಹೇಳ್ತೀನಿ."

"ಪೂರ್ತಿ ನೋಡಿ," ಎಂದಳು ಅವಳು.

"ಪೂರ್ತಿ ನೋಡ್ತೀನಿ," ಎಂದಳು ಪುಕ್ಕಲಿ.